ಫೈಬರ್ ಆಪ್ಟಿಕ್ ಸೆನ್ಸಾರ್ ತಗೊಳ್ಳುವವರೇ, ದುಡ್ಡು ಕೊಡುವ ಮೊದಲು ಹೆಬ್ಬೆರಳು ಒತ್ತಿ ನೋಡಿ

ಮುಧೋಳ, ಜಮಖಂಡಿ, ಬೀಳಗಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳ ಇನ್‌ಸ್ಟ್ರುಮೆಂಟ್ ಮತ್ತು ಮೇಂಟೆನನ್ಸ್‌ನವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಮಾರಿದ ಮಾಲನ್ನೇ ಹಿಡಿದುಕೊಂಡು ಅದೇ ಏಜೆಂಟ್ ಹಂಗಾಮಿಗೆ ಮುಂಚೆ ನಿಮ್ಮ ಗೇಟಿಗೂ ಬರುತ್ತಾನೆ. ಹೆಸರು ಬರೆಯುವುದಿಲ್ಲ, ವಿಷಯ ವಕೀಲರ ಹತ್ತಿರ ಇದೆ. ಮಾಲು ಹೇಗಿರುತ್ತದೆ ಅಂತ ಬರೆಯುತ್ತೇನೆ, ನೋಡಿದ ಕೂಡಲೇ ಗುರುತು ಸಿಗುತ್ತದೆ.

ಬೇಕಾಗಿದ್ದದ್ದು ಇಷ್ಟೇ, ಬೇರಿಂಗಿನ ಕಾವು ಮತ್ತು ಕಂಪನ ನೋಡುವ ಸೆನ್ಸಾರ್. ಕಬ್ಬನ್ನು ಜಜ್ಜಿ ನಾರು ಮಾಡುವ ಫೈಬ್ರೈಸರ್‌ನ ಎರಡು ಬೇರಿಂಗ್, ಅದರ ಎಚ್‌ಟಿ (ಹೈ ಟೆನ್ಶನ್) ಮೋಟಾರಿನ ಎರಡು ಬೇರಿಂಗ್. ಅಲ್ಲಿದ್ದ ಪಿಟಿ 100 (ಪ್ಲಾಟಿನಂ ತಂತಿಯ ತಾಪಮಾನ ಸೆನ್ಸಾರ್) ರೀಡಿಂಗು ಮಿಲ್ಲಿನ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಚಾಲೂ ಆದಾಗೆಲ್ಲ ಕುಣಿಯುತ್ತಿತ್ತು, ಸುಳ್ಳು ಟ್ರಿಪ್ (ಯಂತ್ರ ತಾನಾಗಿ ನಿಲ್ಲುವುದು) ಬರುತ್ತಿತ್ತು. ಫೈಬರ್‌ನಲ್ಲಿ ಹೋಗುವುದು ಬೆಳಕು, ಕರೆಂಟಿನ ಗದ್ದಲ ಅದಕ್ಕೆ ತಟ್ಟುವುದಿಲ್ಲ. ಈ ಮಾತು ನಿಜ. ಈ ಒಂದು ನಿಜದ ಬೆನ್ನಿಗೆ ಕಟ್ಟಿ ಉಳಿದದ್ದೆಲ್ಲ ಮಾರಿದರು.

ಬೇರಿಂಗಿಗೆ ಎರಡು ತಾಪಮಾನದ್ದು, ಒಂದು ಕಂಪನದ್ದು, ಒಟ್ಟು 12 ಸೆನ್ಸಾರ್. ಜೊತೆಗೆ 4 ಚಾನೆಲ್ಲಿನ ಒಂದು ಇಂಟರಾಗೇಟರ್ (ಬೆಳಕು ಬಿಟ್ಟು, ವಾಪಸ್ ಬಂದ ಬೆಳಕಿನ ತರಂಗಾಂತರ ಅಳೆಯುವ ಪೆಟ್ಟಿಗೆ) ಮತ್ತು ಸಾಫ್ಟ್‌ವೇರ್. 8 ಲಕ್ಷ 40 ಸಾವಿರ, ಜಿಎಸ್‌ಟಿ ಬೇರೆ. ಅಡ್ವಾನ್ಸ್ ಶೇ. 50, ಮಾಲು ಬಿಡುವ ಮುಂಚೆ ಶೇ. 40, ಕಮಿಷನಿಂಗ್ (ಕೂರಿಸಿ ಚಾಲೂ ಮಾಡಿ ತೋರಿಸುವುದು) ಆದಮೇಲೆ ಶೇ. 10. ಈ ಶರತ್ತಿಗೆ ಒಪ್ಪಿದ್ದೇ ಮೊದಲನೇ ತಪ್ಪು. ಮಾಲು ಗೇಟಿನೊಳಗೆ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಹಿಡಿತವೇ ಉಳಿದಿರಲಿಲ್ಲ.

ಮೊದಲ ಮೀಟಿಂಗಿನಲ್ಲೇ ಅನುಮಾನ ಬರಬೇಕಿತ್ತು. ಏಜೆಂಟ್ ಹೇಳಿದ್ದು: "ರಾಮನ್ ಎಫೆಕ್ಟ್ ಮ್ಯಾಲ ಕೆಲಸ ಮಾಡ್ತೈತ್ರಿ ಸರ, ನೊಬೆಲ್ ಬಂದ ಟೆಕ್ನಾಲಜಿ." ಅವನು ಮಾರುತ್ತಿದ್ದದ್ದು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಅದಕ್ಕೂ ರಾಮನ್ ಪರಿಣಾಮಕ್ಕೂ ಸಂಬಂಧ ಇಲ್ಲ. ರಾಮನ್ 1928ರಲ್ಲಿ ಕಂಡುಹಿಡಿದದ್ದನ್ನು ಬಳಸುವುದು ಉದ್ದಕ್ಕೂ ತಾಪಮಾನ ಅಳೆಯುವ ಕೇಬಲ್ಲಿಗೆ. ಕಿಲೋಮೀಟರುಗಟ್ಟಲೆ ಕೇಬಲ್ ಹಾಕಿದರೆ ಸುಮಾರು ಮೀಟರಿಗೊಂದು ರೀಡಿಂಗು ಸಿಗುತ್ತದೆ, ಬಗಾಸ್ (ಕಬ್ಬಿನ ಸಿಪ್ಪೆ) ಯಾರ್ಡಿನಲ್ಲಿ ಒಳಗೊಳಗೇ ಕಾವೇರುವುದನ್ನು ಹಿಡಿಯಲಿಕ್ಕೆ ಅದು ಒಳ್ಳೆಯದು. ಬ್ರ್ಯಾಗ್ ಗ್ರೇಟಿಂಗ್ ಅಂದರೆ ಫೈಬರಿನ ಒಳಗೆ ಕೆಲವು ಮಿಲಿಮೀಟರ್ ಉದ್ದ ಬರೆದ ಸೂಕ್ಷ್ಮ ಗೆರೆಗಳು. ಅವು ಒಂದೇ ತರಂಗಾಂತರವನ್ನು ವಾಪಸ್ ಕಳಿಸುತ್ತವೆ. ಕಾದರೆ ಆ ತರಂಗಾಂತರ ಸರಿಯುತ್ತದೆ, ಎಳೆದರೂ ಸರಿಯುತ್ತದೆ. ಆ "ಎಳೆದರೂ" ಅನ್ನುವುದರಲ್ಲೇ ನಮಗಾದ ಮೋಸ ಎಲ್ಲ ಇದೆ.

ಲೆಕ್ಕ ಹೇಳುತ್ತೇನೆ, ಇದು ಗೊತ್ತಿದ್ದರೆ ಯಾರೂ ನಿಮಗೆ ಟೋಪಿ ಹಾಕಲು ಆಗುವುದಿಲ್ಲ. 1550 ನ್ಯಾನೋಮೀಟರಿನ ಆಸುಪಾಸು ಬರಿಯ ಗ್ರೇಟಿಂಗ್ 1 ಡಿಗ್ರಿಗೆ ಸುಮಾರು 10 ಪಿಕೋಮೀಟರ್ (ನ್ಯಾನೋಮೀಟರಿನ ಸಾವಿರದಲ್ಲೊಂದು ಭಾಗ) ಸರಿಯುತ್ತದೆ. ಎಳೆತಕ್ಕಾದರೆ 1 ಮೈಕ್ರೋಸ್ಟ್ರೇನಿಗೆ (ಉದ್ದದ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಹಿಗ್ಗುವುದು) ಸುಮಾರು 1.2 ಪಿಕೋಮೀಟರ್. ಅಂದರೆ 8-9 ಮೈಕ್ರೋಸ್ಟ್ರೇನ್ ಎಳೆತ ಪೆಟ್ಟಿಗೆಯ ಕಣ್ಣಿಗೆ 1 ಡಿಗ್ರಿ ಕಾವಿನ ಹಾಗೆಯೇ ಕಾಣುತ್ತದೆ. ಅದಕ್ಕೇ ಸರಿಯಾದ ತಾಪಮಾನ ಸೆನ್ಸಾರಿನಲ್ಲಿ ಫೈಬರನ್ನು ಸಣ್ಣ ಕೊಳವೆಯೊಳಗೆ ಒಂದೇ ತುದಿಗೆ ಕಚ್ಚಿಸಿರುತ್ತಾರೆ. ಇನ್ನೊಂದು ತುದಿ ಸಡಿಲು. ಹೊರಗೆ ಏನು ಬಗ್ಗಿದರೂ, ಬಿಗಿದರೂ ಒಳಗಿನ ಗ್ರೇಟಿಂಗಿಗೆ ತಟ್ಟಬಾರದು, ಕಾವು ಮಾತ್ರ ತಟ್ಟಬೇಕು.

ನಮಗೆ ಬಂದದ್ದು ಏನು? ಎರಡು ತುದಿಗೆ ಸ್ಕ್ರೂ ತೂತಿರುವ ತೆಳುವಾದ ಸ್ಟೀಲ್ ಪಟ್ಟಿ, ಅದರ ಮೇಲೆ ಉದ್ದಕ್ಕೂ ಎಪಾಕ್ಸಿಯಿಂದ ಅಂಟಿಸಿದ ಫೈಬರ್, ಮೇಲೆ ಕರಿ ಸಿಲಿಕಾನ್, ಅದರ ಮೇಲೆ ಸ್ಟಿಕ್ಕರ್. ಇಷ್ಟೇ. ಇದು ಎಳೆತ ಅಳೆಯುವ ಪಟ್ಟಿ. ಸೇತುವೆಗೆ ಹಾಕುವಂಥದ್ದು. ತಾಪಮಾನದ ಸೆನ್ಸಾರ್ ಅಲ್ಲವೇ ಅಲ್ಲ.

ಟ್ರಯಲ್ ದಿನ ಕಬ್ಬು ಬಿಟ್ಟು ಮೂರು ತಾಸಿಗೆ ಫೈಬ್ರೈಸರ್ ಟ್ರಿಪ್. ಸ್ಕ್ರೀನಿನಲ್ಲಿ 85. ಓಡಿ ಹೋಗಿ ಹೌಸಿಂಗಿಗೆ ಕಾಂಟ್ಯಾಕ್ಟ್ ಥರ್ಮಾಮೀಟರ್ ಇಟ್ಟರೆ 52. ಯಾಕೆ ಹಾಗಾಯಿತು ಅಂದರೆ, ಪಟ್ಟಿಗೆ ಅಂಟಿದ ಫೈಬರನ್ನು ಕಾದ ಸ್ಟೀಲು ತಾನೂ ಹಿಗ್ಗಿ ಎಳೆಯುತ್ತದೆ. ಸ್ಟೀಲು ಡಿಗ್ರಿಗೆ ಸುಮಾರು 12 ಮೈಕ್ರೋಸ್ಟ್ರೇನ್ ಹಿಗ್ಗುತ್ತದೆ, ಅದರಿಂದ ಬರುವುದು 14 ಪಿಕೋಮೀಟರ್. ಮೊದಲಿನ 10 ಸೇರಿದರೆ 24. ಸಾಫ್ಟ್‌ವೇರ್ ಮಾತ್ರ 10ರಿಂದಲೇ ಭಾಗಿಸುತ್ತಿತ್ತು. ಬೆಳಿಗ್ಗೆ 28ಕ್ಕೆ ಸೊನ್ನೆ ಮಾಡಿದ್ದರು. ನಿಜವಾಗಿ ಏರಿದ್ದು 24 ಡಿಗ್ರಿ, ತೋರಿಸಿದ ಏರಿಕೆ 57ರ ಮೇಲೆ, 28ಕ್ಕೆ ಅದು ಸೇರಿ 85.

ಫೋನ್ ಮಾಡಿದರೆ ಉತ್ತರ: "ಫೈನ್ ಟ್ಯೂನಿಂಗ್ ಬಾಕಿ ಐತ್ರಿ ಸರ, ಹತ್ತು ಮಿನಿಟ್ ಕೊಡ್ರಿ." ದೂರದಿಂದಲೇ ನಮ್ಮ ಕಂಪ್ಯೂಟರಿನೊಳಗೆ ಬಂದು ಒಂದು ಡಬ್ಬಿಯಲ್ಲಿ 10.0 ಇದ್ದದ್ದನ್ನು 24.0 ಮಾಡಿದರು. ಸ್ಕ್ರೀನಿನಲ್ಲಿ 52 ಬಂತು. ಎಲ್ಲರಿಗೂ ಸಮಾಧಾನ. ಕಮಿಷನಿಂಗ್ ರಿಪೋರ್ಟಿಗೆ ಸಹಿ ಬಿತ್ತು, ಉಳಿದ ಶೇ. 10 ಹೋಯಿತು. ಸಹಿ ನನ್ನದೇ. ಆ ಅಂಕಿ ಬದಲಾಗಿದ್ದನ್ನು ಕಣ್ಣಾರೆ ಕಂಡೂ, 10 ಯಾಕೆ 24 ಆಯಿತು ಅಂತ ಕೇಳದೆ ಸಹಿ ಮಾಡಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಎರಡು ದಿನ ಬಿಟ್ಟು ಫಿಟ್ಟರ್ ಪಟ್ಟಿಯ ಸ್ಕ್ರೂ ಸಡಿಲಾಗಿದೆ ಅಂತ ಸ್ವಲ್ಪ ಬಿಗಿ ಮಾಡಿದ. ಕಂಟ್ರೋಲ್ ರೂಮಿನಿಂದ ಕೂಗು. 58 ಇದ್ದದ್ದು ಒಂದೇ ಏಟಿಗೆ 71. "ಸರ, ನಾ ಬರೇ ಸ್ಕ್ರೂ ಬಿಗಿ ಮಾಡೇನ್ರಿ, ಇದ್ಯಾಕ ಕಾದೈತ್ರಿ?" ಅಂತ ಅವನೇ ಕೇಳಿದ. ಅಷ್ಟು ದೊಡ್ಡ ಕಬ್ಬಿಣದ ಹೌಸಿಂಗು ಒಂದು ಸೆಕೆಂಡಿನಲ್ಲಿ 13 ಡಿಗ್ರಿ ಏರಲು ಸಾಧ್ಯವೇ ಇಲ್ಲ. ಸ್ಕ್ರೂ ಮೊದಲಿನಷ್ಟೇ ಸಡಿಲ ಮಾಡಿಸಿ, ನಾನು ಹೋಗಿ ಪಟ್ಟಿಯ ನಡುವೆ ಹೆಬ್ಬೆರಳು ಒತ್ತಿದೆ. ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಒತ್ತಿದೆ, ಮತ್ತೆ ಏರಿತು. ಮೊಬೈಲಿನಲ್ಲಿ ಕಂಟ್ರೋಲ್ ರೂಮಿನ ಹುಡುಗ ಅಂಕಿ ಓದುತ್ತಿದ್ದಾನೆ, "78, 60, 79, 59", ನಾನು ಒತ್ತುತ್ತಿದ್ದೇನೆ, ಬಿಡುತ್ತಿದ್ದೇನೆ. ಸುತ್ತ ನಾಲ್ಕು ಜನ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಎಂಟೂವರೆ ಲಕ್ಷದ ಹತ್ತಿರದ ಮಾಲು ನನ್ನ ಬೆರಳಿನ ಒತ್ತಡವನ್ನು ಬೇರಿಂಗಿನ ಕಾವು ಅಂತ ಹೇಳುತ್ತಿತ್ತು.

ವಿಡಿಯೋ ಕಳಿಸಿದೆವು. ಬಂದ ಉತ್ತರವನ್ನು ಹಾಗೇ ಬರೆಯುತ್ತೇನೆ: "ಸೆನ್ಸಿಟಿವಿಟಿ ಎಷ್ಟು ಛಲೋ ಐತಿ ನೋಡ್ರಿ ಸರ, ಮುಟ್ಟಿದ್ರೂ ತೋರಸ್ತೈತಿ." ಇನ್ನೊಮ್ಮೆ ಕೇಳಿದ್ದಕ್ಕೆ: "ನಿಮ್ಮ ಹುಡುಗ್ರಿಗೆ ಮುಟ್ಟಬ್ಯಾಡ್ರಿ ಅಂತ ಹೇಳ್ರಿ." ನಾವು ಮುಟ್ಟದಿದ್ದರೆ ಆಯಿತೇ? ಫೈಬ್ರೈಸರ್ ಹ್ಯಾಮರ್ ದಿನವಿಡೀ ಕಬ್ಬಿಗೆ ಹೊಡೆಯುತ್ತಲೇ ಇರುತ್ತದೆ, ಹೌಸಿಂಗಿಗೆ ಎಳೆತ ಬೀಳುತ್ತಲೇ ಇರುತ್ತದೆ.

ಇಷ್ಟಾದಮೇಲೆ ಕಂಪನದ ಸೆನ್ಸಾರಿನ ಮೇಲೂ ಅನುಮಾನ. ಒಂದರ ಸ್ಟಿಕ್ಕರ್ ಉಗುರಿನಿಂದ ಕಿತ್ತೆವು, ಸಿಲಿಕಾನ್ ಬ್ಲೇಡಿನಿಂದ ಕೆರೆದೆವು. ಕೆಳಗೆ ಅದೇ ಪಟ್ಟಿ. ಅದೇ ಅಳತೆ, ಅದೇ ಅಂಟು. ಒಂದರ ಮೇಲೆ "ಟೆಂಪರೇಚರ್" ಅಂತ ಸ್ಟಿಕ್ಕರ್, ಇನ್ನೊಂದರ ಮೇಲೆ "ವೈಬ್ರೇಶನ್" ಅಂತ ಸ್ಟಿಕ್ಕರ್. ಕಂಪನ ಅಳೆಯುವ ಫೈಬರ್ ಸೆನ್ಸಾರ್ ಅಂದರೆ ಒಳಗೆ ಒಂದು ತೂಕದ ತುಂಡು, ಅದನ್ನು ಹಿಡಿದ ಸ್ಪ್ರಿಂಗಿನಂಥ ತೆಳು ಭಾಗ, ಆ ತೂಕ ಅಲುಗಿದಾಗ ಎಳೆಯುವ ಫೈಬರ್ ಇರಲೇಬೇಕು. ಅದರ ಸ್ವಂತ ಅನುರಣನ ಆವರ್ತನ ಎಷ್ಟು ಅಂತ ಹಾಳೆಯಲ್ಲಿ ಬರೆದಿರಬೇಕು, ಅದರ ಮೂರನೇ ಒಂದರಷ್ಟರ ತನಕ ಮಾತ್ರ ರೀಡಿಂಗು ನಂಬಬಹುದು. ನಮ್ಮದರಲ್ಲಿ ತೂಕವೂ ಇಲ್ಲ, ಸ್ಪ್ರಿಂಗೂ ಇಲ್ಲ. ಆದರೂ ಸ್ಕ್ರೀನಿನ ಮೇಲೆ "ಮಿ.ಮೀ./ಸೆ." ಅಂತ ಅಂಕಿ ಓಡುತ್ತಿತ್ತು. ಎಳೆತದಿಂದ ಆ ಅಂಕಿ ಎಲ್ಲಿಂದ ಹುಟ್ಟಿಸಿದರೋ ಅವರೇ ಹೇಳಬೇಕು.

ಅದಕ್ಕಿಂತ ಕೆಟ್ಟದ್ದು ಇಂಟರಾಗೇಟರ್. ಕೊಟೇಶನ್ನಿನಲ್ಲಿ "ಹೈ ಸ್ಪೀಡ್" ಅಂತ ಇತ್ತು, ಅಂಕಿ ಇರಲಿಲ್ಲ. ಪೆಟ್ಟಿಗೆ ತಿರುಗಿಸಿ ಹಿಂದಿನ ಲೇಬಲ್ ಓದಿದಾಗ ಕಂಡದ್ದು 10 ಹರ್ಟ್ಜ್. ಸೆಕೆಂಡಿಗೆ ಹತ್ತೇ ಸಲ ನೋಡುತ್ತದೆ. ಕಾವಿಗೆ ಅದು ಸಾಕು, ಕಂಪನಕ್ಕೆ ಕೆಲಸಕ್ಕೆ ಬಾರದು. ಫೈಬ್ರೈಸರ್ ತಿರುಗುವುದು 745 ಆರ್‌ಪಿಎಂ, ಅಂದರೆ ಸೆಕೆಂಡಿಗೆ 12.4 ಸುತ್ತು. 10 ಹರ್ಟ್ಜಿನ ಪೆಟ್ಟಿಗೆ 5ಕ್ಕಿಂತ ಮೇಲಿನದನ್ನು ಸರಿಯಾಗಿ ಕಾಣುವುದೇ ಇಲ್ಲ, 12.4 ಅದರ ಕಣ್ಣಿಗೆ 2.4 ಆಗಿ ಕಾಣುತ್ತದೆ. ನಮ್ಮ ಗ್ರಾಫಿನಲ್ಲಿ ಸರಿಯಾಗಿ 2.4ಕ್ಕೆ ದೊಡ್ಡ ಶಿಖರ. ಅವರ "ಎಕ್ಸ್‌ಪರ್ಟ್" ಅದನ್ನು ನೋಡಿ ಹೇಳಿದ್ದು: "ಫೌಂಡೇಶನ್ ಸಡಿಲ ಆಗೈತ್ರಿ, ಗ್ರೌಟಿಂಗ್ ಮಾಡಸ್ರಿ." ಗ್ರೌಟಿಂಗಿಗೆ (ಯಂತ್ರದ ಬುಡಕ್ಕೆ ಸಿಮೆಂಟ್ ತುಂಬುವುದು) ಕಂಟ್ರಾಕ್ಟರನ್ನು ಕರೆಸಿ ಅಂದಾಜು ತೆಗೆಸುವ ತನಕ ಹೋಗಿತ್ತು. ಇಲ್ಲದ ರೋಗಕ್ಕೆ ಗಟ್ಟಿ ಕಾಂಕ್ರೀಟ್ ಒಡೆಯುತ್ತಿದ್ದೆವು.

ಬೇರಿಂಗ್ ಹೊರ ರೇಸಿನ (ಹೊರ ಉಂಗುರದ) ದೋಷದ ಪೆಟ್ಟು ಈ ವೇಗದಲ್ಲಿ 100 ಹರ್ಟ್ಜ್ ಆಸುಪಾಸು ಬರುತ್ತದೆ, ಅದರ ಗುಣಕಗಳು ಇನ್ನೂ ಮೇಲೆ. 1000 ಹರ್ಟ್ಜ್ ತನಕ ನೋಡಬೇಕಾದರೆ ಸೆಕೆಂಡಿಗೆ 2560 ಸಲವಾದರೂ ಓದಬೇಕು, ಅದೂ ಎಲ್ಲ ಚಾನೆಲ್ ಒಟ್ಟಿಗೆ. "5000 ಹರ್ಟ್ಜ್ ವರೆಗೆ" ಅಂತ ಬರೆದಿದ್ದರೂ ಒಂದು ಚಾನೆಲ್ಲಿಗೋ ನಾಲ್ಕಕ್ಕೂ ಸೇರಿಯೋ ಅಂತ ಕೇಳಿ, ಪಿಒದಲ್ಲಿ (ಖರೀದಿ ಆದೇಶದಲ್ಲಿ) ಬರೆಸಿ. ನಾವು ಕೇಳಿದ್ದಕ್ಕೆ ಬಂದ ಉತ್ತರ: "ಸಾಫ್ಟ್‌ವೇರ್ ಅಪ್‌ಡೇಟಿನ್ಯಾಗ ಸ್ಪೀಡ್ ಜಾಸ್ತಿ ಆಗ್ತೈತ್ರಿ." ಆಗುವುದಿಲ್ಲ. ಒಳಗಿನ ಲೇಸರ್ ಎಷ್ಟು ವೇಗದಲ್ಲಿ ತರಂಗಾಂತರ ಗುಡಿಸುತ್ತದೋ ಅಷ್ಟೇ, ಅದು ಹಾರ್ಡ್‌ವೇರಿನ ಮಾತು.

ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಆಮೇಲೆ ತೆಗೆದು ನೋಡಿದೆವು. ಮೊದಲೇ ನೋಡಬೇಕಿತ್ತು. 12 ಹಾಳೆ, 12 ಸೀರಿಯಲ್ ನಂಬರ್, ಎಲ್ಲದರಲ್ಲೂ ತರಂಗಾಂತರ 1550.000. ಒಂದೇ ಫೈಬರಿನಲ್ಲಿ ಸಾಲಾಗಿ ಮೂರು ಗ್ರೇಟಿಂಗ್ ಇದ್ದರೆ ಮೂರಕ್ಕೂ ಬೇರೆ ಬೇರೆ ತರಂಗಾಂತರ ಇರಲೇಬೇಕು, ಕೆಲವು ನ್ಯಾನೋಮೀಟರ್ ಅಂತರ ಬೇಕು, ಇಲ್ಲದಿದ್ದರೆ ಯಾವ ಸೆನ್ಸಾರ್ ಯಾವುದು ಅಂತ ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ಅಂದರೆ ಯಾರೂ ಏನೂ ಅಳೆದಿಲ್ಲ, ಒಂದು ಹಾಳೆ ಮಾಡಿ ನಂಬರ್ ಬದಲಿಸಿ ಪ್ರಿಂಟ್ ಹೊಡೆದಿದ್ದಾರೆ. ಕೇಳಿದರೆ "ಅದು ಟಿಪಿಕಲ್ ವ್ಯಾಲ್ಯೂ ಸರ" ಅಂತ.

ಅಂಟೂ ನಿಲ್ಲಲಿಲ್ಲ. ಕೋಣೆಯ ಕಾವಿನಲ್ಲಿ ಒಣಗುವ ಸಾಮಾನ್ಯ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗಲು ಶುರು, ನಮ್ಮ ಬೇರಿಂಗು ಓಡುವುದೇ ಆ ಕಾವಿನಲ್ಲಿ. ಮೂರು ವಾರಕ್ಕೆ ಕ್ಲೀನಿಂಗಿಗೆ ಮಿಲ್ಲು ನಿಂತ ದಿನ ಬೇರಿಂಗು ತಣ್ಣಗಿದ್ದು 27, ಸ್ಕ್ರೀನಿನಲ್ಲಿ 39. ಹಸಿರು ತುದಿಯ ಎಪಿಸಿ ಕನೆಕ್ಟರಿಗೆ ನೀಲಿ ತುದಿಯ ಯುಪಿಸಿ ಪ್ಯಾಚ್ ಕಾರ್ಡ್ ಹಾಕಿದ್ದರು, ಓರೆ ಮುಖಕ್ಕೆ ನೇರ ಮುಖ ಕೂಡುವುದಿಲ್ಲ, ಬೆಳಕು ನಡುವೆಯೇ ಸೋರುತ್ತದೆ. ಬಗಾಸ್ ಧೂಳಿನಲ್ಲಿ ಡಸ್ಟ್ ಕ್ಯಾಪ್ ಇಲ್ಲದೆ ಬಿಟ್ಟಿದ್ದರು. ಇಲಿ ಕಡಿಯದ ಆರ್ಮರ್ ಕೇಬಲ್ಲೂ ಅಲ್ಲ.

ಕೊನೆಗೆ ದುಡ್ಡು ವಾಪಸ್ ಕೇಳಿದಾಗ: "ಕಮಿಷನಿಂಗ್ ರಿಪೋರ್ಟಿಗೆ ಸಹಿ ನೀವ ಮಾಡೀರಲ್ರಿ ಸಾಹೇಬ್ರ." ಅಲ್ಲಿಂದ ಮುಂದೆ ಫೋನ್ ಎತ್ತಿಲ್ಲ.

ಫೈಬರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ವೈಂಡಿಂಗಿನ ಒಳಗಿನ ಕಾವು, ಹೈ ವೋಲ್ಟೇಜ್ ಇರುವ ಕಡೆ, ಉದ್ದದ ಕೇಬಲ್ ಟ್ರೆಂಚು, ಅಲ್ಲೆಲ್ಲ ಅದಕ್ಕೆ ಸಮ ಇಲ್ಲ. ಫೈಬ್ರೈಸರ್ ಬೇರಿಂಗಿಗೆ ನಮಗೆ ಅದು ಬೇಕೇ ಇರಲಿಲ್ಲ. ಈಗ ಪಿಟಿ 100 ಕೇಬಲ್ಲನ್ನು ವಿಎಫ್‌ಡಿ ಕೇಬಲ್ ಟ್ರೇಯಿಂದ ಬೇರೆ ಮಾಡಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡಿದ್ದೇವೆ, ರೀಡಿಂಗು ಈಗ ಕುಣಿಯುವುದಿಲ್ಲ. ಕಂಪನಕ್ಕೆ ಸಾಮಾನ್ಯ 100 ಮಿಲಿವೋಲ್ಟ್/ಜಿ ಅಕ್ಸೆಲರೋಮೀಟರ್ ಹಾಕಿದ್ದೇವೆ.

ತಗೊಳ್ಳಲೇಬೇಕು ಅನ್ನುವವರು ಇಷ್ಟು ಮಾಡಿ. ಸೆನ್ಸಾರನ್ನು ಬಿಚ್ಚಿದ ಡ್ರಾಯಿಂಗ್ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಡಿ. ಸಾಫ್ಟ್‌ವೇರಿನಲ್ಲಿ ಡಿಗ್ರಿಯ ಪಕ್ಕ ಅಸಲು ತರಂಗಾಂತರವೂ ಕಾಣಬೇಕು, ಗುಣಾಂಕದ ಡಬ್ಬಿಗೆ ಪಾಸ್‌ವರ್ಡ್ ನಿಮ್ಮದಿರಬೇಕು. ಕರಗುತ್ತಿರುವ ಐಸಿನಲ್ಲಿ, ಬಿಸಿನೀರಿನಲ್ಲಿ, ಕುದಿಯುವ ನೀರಿನಲ್ಲಿ ಮುಳುಗಿಸಿ ಒಳ್ಳೆಯ ಥರ್ಮಾಮೀಟರ್ ಜೊತೆ ತಾಳೆ ನೋಡಿ. ಬಾಗಲಕೋಟೆ ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದು 98ರ ಹತ್ತಿರ. ಸರಿಯಾಗಿ 100 ತೋರಿಸಿದರೆ ಅಂಕಿಯನ್ನು ಯಾರೋ ಕೂರಿಸಿದ್ದಾರೆ. ಶೇ. 40 ದುಡ್ಡು ಲೋಡಿನಲ್ಲಿ 72 ತಾಸು ಓಡುವ ತನಕ ಕೈಯಲ್ಲೇ ಇರಲಿ.

ಕರಿ ಸಿಲಿಕಾನ್ ಮೆತ್ತಿದ, ಎರಡು ಸ್ಕ್ರೂ ಇರುವ ಪಟ್ಟಿ ಈಗಾಗಲೇ ನಿಮ್ಮ ಬೇರಿಂಗಿನ ಮೇಲೆ ಕೂತಿದ್ದರೆ ಇವತ್ತೇ ಪರೀಕ್ಷೆ ಮಾಡಿ. ಮೊದಲು ಕಂಟ್ರೋಲ್ ರೂಮಿಗೆ ಹೇಳಿ ಆ ಪಾಯಿಂಟಿನ ಟ್ರಿಪ್ ಬೈಪಾಸ್ ಮಾಡಿಸಿ, ಇಲ್ಲದಿದ್ದರೆ ನೀವು ಒತ್ತಿದ ಕೂಡಲೇ ಫೈಬ್ರೈಸರ್ ನಿಂತು ಕ್ಯಾರಿಯರ್ ತುಂಬ ಕಬ್ಬು ಉಳಿಯುತ್ತದೆ. ಗಾರ್ಡ್ ತೆಗೆಯಬೇಡಿ. ಪಟ್ಟಿಯ ನಡುವೆ ಹೆಬ್ಬೆರಳು ಒತ್ತಿ, ಹತ್ತು ಎಣಿಸಿ, ಬಿಡಿ. ಅಂಕಿ ನಿಮ್ಮ ಬೆರಳಿನ ಜೊತೆ ಏರಿ ಇಳಿದರೆ ವಿಡಿಯೋ ಮಾಡಿ ಇಟ್ಟುಕೊಳ್ಳಿ, ಆ ಬೇರಿಂಗಿಗೆ ಸಂಜೆಯೊಳಗೆ ಪಿಟಿ 100 ಕಟ್ಟಿ, ಆಮೇಲೆ ಬೈಪಾಸ್ ತೆಗೆಯಿರಿ.