ಕರೆಂಟ್ ಕಮ್ಮಿ, ಕಸರತ್ತು ಜಾಸ್ತಿ: ಕುವೆಂಪುನಗರದ ಫಿಸಿಯೋಥೆರಪಿ ಕ್ಲಿನಿಕ್

ಸೊಂಟದ ನೋವಿಗೆ ಅಂತ ಇಲ್ಲಿಗೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಕ್ಲಿನಿಕ್‌ನಲ್ಲಿ ಮಲಗಿಸಿ, ನೋವಿರುವ ಕಡೆ ಮೆಷಿನ್‌ನಿಂದ ಸಣ್ಣಗೆ ಕರೆಂಟ್ ಇಟ್ಟು, ಮನೆಗೆ ಕಳಿಸುವುದಿಲ್ಲ. ನೀವೇ ಮೈ ಬಗ್ಗಿಸಬೇಕು. ಅದಾಗಲ್ಲ ಅನ್ನುವವರಿಗೆ ಈ ಜಾಗ ಹಿಡಿಸುವುದು ಕಷ್ಟ. ನನಗಂತೂ ಹಿಡಿಸಿತು.

ನಾನು ಮೈಸೂರಿನ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು ಐವತ್ತು ದಾಟಿದೆ. ದಿನವೆಲ್ಲ ನಿಂತಿರಬೇಕು, ನಡುನಡುವೆ ಗಾದಿ ಮೇಲೆ ಕೂತು ರೇಷ್ಮೆ ಸೀರೆ ಬಿಡಿಸಿ ತೋರಿಸಬೇಕು. ದಸರಾ ಸಮಯದಲ್ಲಂತೂ ಕೇಳಲೇಬೇಡಿ. ಎಡಗಡೆ ಸೊಂಟದ ಪಕ್ಕ, ತೊಡೆ ಶುರುವಾಗುವಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಮೂಳೆ ಇದೆಯಲ್ಲ, ನೋವು ಅಲ್ಲೇ. ಎಡ ಮಗ್ಗುಲಲ್ಲಿ ಮಲಗಿದರೆ ನಿದ್ದೆ ಇಲ್ಲ. ಬಲಕ್ಕೆ ತಿರುಗಿದರೂ ಸುಖವಿಲ್ಲ.

ಇದಕ್ಕೆ ಮುಂಚೆ ಇನ್ನೊಂದು ಕಡೆ ತೋರಿಸಿದ್ದೆ. ಹೆಸರು ಬೇಡ. ಹೋದಾಗಲೆಲ್ಲ ಬಿಸಿ ಪ್ಯಾಕ್, ಆಮೇಲೆ ಕರೆಂಟ್, ಆಮೇಲೆ "ನಾಳೆ ಬನ್ನಿ". ಮಲಗಿದ್ದಷ್ಟು ಹೊತ್ತು ಹಾಯ್ ಅನಿಸುತ್ತಿತ್ತು. ಸಿಟಿ ಬಸ್ ಹತ್ತುವಾಗ ಮತ್ತೆ ಅದೇ ಕಥೆ. ಯಾಕೆ ನೋಯುತ್ತಿದೆ ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ.

ಇಲ್ಲಿಯ ಫಿಸಿಯೋ ಮೇಡಂ ಮೊದಲು ಕೇಳಿದ್ದೇ ಅದನ್ನು. "ಆಂಟಿ, ಎಲ್ಲಿ ನೋವು? ಒಂದೇ ಬೆರಳಲ್ಲಿ ತೋರಿಸಿ." ಬೆರಳು ತೊಡೆಸಂದಿಗೆ ಹೋದರೆ ಅವರಿಗೆ ಕೀಲಿನ ಮೇಲೆ ಅನುಮಾನವಂತೆ. ಕೀಲು ಸವೆದವರಿಗೆ ನೋವು ಹೆಚ್ಚಾಗಿ ಅಲ್ಲೇ ಬರುತ್ತದೆ, ಕೆಲವರಿಗೆ ಮಂಡಿವರೆಗೂ ಇಳಿಯುತ್ತದೆ, ಬಗ್ಗಿ ಕಾಲುಗುರು ಕತ್ತರಿಸಿಕೊಳ್ಳುವುದೂ ಕಷ್ಟವಾಗುತ್ತದೆ. ಹಿಂಭಾಗದಿಂದ ಪಾದದವರೆಗೆ ಜೋಮು ಹಿಡಿದರೆ ಬೆನ್ನಿನ ನರ ನೋಡಬೇಕು. ನನ್ನ ಬೆರಳು ಪಕ್ಕದ ಮೂಳೆಗೇ ಹೋಯಿತು. ಅವರು ಅಲ್ಲಿ ಒತ್ತಿದರು, ನಾನು "ಅಮ್ಮಾ" ಅಂದೆ. ಗೋಡೆಗೆ ಬೆರಳು ತಾಗಿಸಿ ಎಡಗಾಲಲ್ಲಿ ಅರ್ಧ ನಿಮಿಷ ನಿಲ್ಲಿಸಿದರು. ಅಷ್ಟು ಹೊತ್ತು ನಿಲ್ಲುವ ಮೊದಲೇ ನೋವು ಶುರುವಾಯಿತು.

ಆ ಮೂಳೆಗೆ ಗ್ಲೂಟಿಯಸ್ ಮೀಡಿಯಸ್, ಗ್ಲೂಟಿಯಸ್ ಮಿನಿಮಸ್ ಅಂತ ಎರಡು ಸ್ನಾಯುಗಳು ಬಂದು ಅಂಟಿಕೊಳ್ಳುತ್ತವೆ. ನಡೆಯುವಾಗ ಒಂದು ಕಾಲು ಎತ್ತಿದ ತಕ್ಷಣ ಸೊಂಟ ಆ ಕಡೆ ವಾಲದಂತೆ ಹಿಡಿಯುವುದು ಇವೇ. ನನಗೆ ಕೆಟ್ಟಿದ್ದು ಇವುಗಳ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಗಟ್ಟಿ ಹುರಿ. ನಲವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿಯಂತೆ.

"ಅಂಗಡೀಲಿ ಹೇಗೆ ನಿಲ್ತೀರ, ನಿಂತು ತೋರಿಸಿ" ಅಂದರು. ಸೀರೆ ಬದಲು ಅವರದೇ ಟವೆಲ್ ಒಂದನ್ನು ತೋಳಿನ ಮೇಲೆ ಹಾಕಿಕೊಂಡು ನಿಂತೆ. ಭಾರವೆಲ್ಲ ಎಡಗಾಲ ಮೇಲೆ, ಸೊಂಟ ಹೊರಗೆ, ಬಲಗಾಲು ಸುಮ್ನೆ ನೆಲ ಮುಟ್ಟಿಕೊಂಡಿದೆ. "ನೋಡಿ, ಇದೇ." ಹಾಗೆ ನಿಂತಾಗ ಟೆಂಡನ್ ಮೂಳೆಗೆ ಒತ್ತಿಕೊಳ್ಳುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂತರೂ ಅಷ್ಟೇ. ಬಲ ಮಗ್ಗುಲಲ್ಲಿ ಮಲಗಿದಾಗಲೂ ಮೇಲಿನ ಕಾಲು ಅಡ್ಡ ಬಿದ್ದು ಅದೇ ಆಗುತ್ತದೆ. ಹಾಗಾಗಿ ಎರಡು ಕಾಲಿನ ಮಧ್ಯೆ ಮಂಡಿಯಿಂದ ಪಾದದವರೆಗೂ ದಿಂಬು ಇಡಬೇಕು. ಕಾಲನ್ನು ಎದೆಗೆ ಅಡ್ಡಡ್ಡ ಎಳೆದು ಹಿಡಿಯುವ ಸ್ಟ್ರೆಚ್ ಎಲ್ಲರೂ ಹೇಳಿಕೊಡುತ್ತಾರಲ್ವಾ, ಅದೂ ಈ ನೋವಿಗೆ ಆಗಿಬರುವುದಿಲ್ಲ.

ಕಸರತ್ತು ನೋಡಲು ಏನೂ ಅಲ್ಲ. ಅಂಗಾತ ಮಲಗಿ ಮಂಡಿಗಳಿಗೆ ಬೆಲ್ಟ್ ಸುತ್ತಿ ಹೊರಗೆ ತಳ್ಳುವುದು. ಮಂಡಿ ಮಡಚಿ ಸೊಂಟ ಎತ್ತುವುದು. ಆಮೇಲಾಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಏಡಿಯ ಹಾಗೆ ಪಕ್ಕಕ್ಕೆ ಹೆಜ್ಜೆ ಇಡುವುದು. ಮಾಡುವಾಗ ಸ್ವಲ್ಪ ನೋವು ಬಂದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಅದು ಮುಂಚಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಕಡಿಮೆ ಮಾಡಬೇಕು. ಈ ಲೆಕ್ಕ ನನಗೆ ತುಂಬಾ ಸಹಾಯವಾಯಿತು.

ಇಂಜೆಕ್ಷನ್ ಹಾಕಿಸಿದರೆ ಬೇಗ ಹೋಗಲ್ವಾ ಅಂತಲೂ ಕೇಳಿದೆ. ಬೈಯಲಿಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ನೋವಿದ್ದ 204 ಜನರ ಮೇಲೆ ನಡೆದ ಅಧ್ಯಯನದ ಬಗ್ಗೆ ಹೇಳಿದರು. ಅದು 2018ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಎಂಟು ವಾರದ ಹೊತ್ತಿಗೆ, ತಿಳುವಳಿಕೆ ಹೇಳಿ ಕಸರತ್ತು ಮಾಡಿಸಿದವರಲ್ಲಿ ನೂರಕ್ಕೆ 77 ಜನ ಚೆನ್ನಾಗಿ ಸುಧಾರಿಸಿದ್ದರು. ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡವರಲ್ಲಿ 58, ಕಾದು ನೋಡಿದವರಲ್ಲಿ 29. ಮನೆಗೆ ಬಂದು ಮಗಳ ಕೈಯಲ್ಲಿ ಹುಡುಕಿಸಿದೆ, ಸರಿಯಾಗಿಯೇ ಇತ್ತು. ಸೀರೆ ಮಾರುವವಳಿಗೆ ಬಾಯಿಮಾತು ನಂಬುವ ಅಭ್ಯಾಸವಿಲ್ಲ.

ಕಾಯುವಾಗ ಕಂಡಿದ್ದು ಒಂದು. ವಯಸ್ಸಾದ ಯಜಮಾನರೊಬ್ಬರು ಬಲ ಸೊಂಟ ನೋವು ಅಂತ ಬಲಗೈಯಲ್ಲೇ ಊರುಗೋಲು ಹಿಡಿದು ಕುಂಟುತ್ತಾ ಬಂದರು. ಮೇಡಂ ಕೋಲನ್ನು ಎಡಗೈಗೆ ಕೊಟ್ಟು, ಬಲಗಾಲು ಇಡುವಾಗ ಜೊತೆಗೇ ಊರಿ ಅಂದರು. ಬಾಗಿಲವರೆಗೆ ಹೋಗಿ ಬರುವಷ್ಟರಲ್ಲಿ ಅವರ ವಾಲಾಟ ಕಮ್ಮಿಯಾಗಿತ್ತು. ಬಚ್ಚಲಲ್ಲಿ ಬಿದ್ದು ಕಾಲೂರಲಾಗದ ಅಜ್ಜಿಯೊಬ್ಬರ ಮನೆಯವರು ಫೋನ್ ಮಾಡಿದಾಗ "ಇಲ್ಲಿಗೆ ಬೇಡ, ಮೊದಲು ಮೂಳೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ" ಅಂದಿದ್ದೂ ಕೇಳಿಸಿತು. ಬಂದ ಗಿರಾಕಿಯನ್ನು ಬಿಡುವುದು ಸುಲಭವಲ್ಲ, ನನಗೆ ಗೊತ್ತು.

ಕೊರತೆಗಳೂ ಇವೆ. ಒಂದು ಸಲಕ್ಕೆ 400 ರೂಪಾಯಿ, ರಬ್ಬರ್ ಬ್ಯಾಂಡ್‌ಗೆ ಬೇರೆ ದುಡ್ಡು. ರಿಸೆಪ್ಶನ್ ಹುಡುಗ ಪ್ಯಾಕೇಜ್ ತಗೊಳ್ಳಿ ಅಂತ ಬೆನ್ನು ಹತ್ತುತ್ತಾನೆ. ಕಸರತ್ತಿನ ಚೀಟಿ ಪೂರ್ತಿ ಇಂಗ್ಲಿಷ್. ಮೈಸೂರಲ್ಲಿ ಕೂತು ಇದೇನಿದು? ನಾನು ಕೇಳಿದ ಮೇಲೆ ಮೇಡಂ ಹಿಂದುಗಡೆ ಕನ್ನಡದಲ್ಲಿ ಬರೆದುಕೊಟ್ಟರು, ನೀವೂ ಕೇಳಿ.

ಈಗ ರಾತ್ರಿ ನಿದ್ದೆ ಬರುತ್ತದೆ. ಅಂಗಡಿಯಲ್ಲಿ ಸಂಜೆ ಹೊತ್ತಿಗೆ ಇನ್ನೂ ಸ್ವಲ್ಪ ಹಿಡಿಯುತ್ತದೆ. ಟೆಂಡನ್ ಗಟ್ಟಿಯಾಗಲು ತಿಂಗಳುಗಳೇ ಬೇಕು ಅಂತ ಮೊದಲೇ ಹೇಳಿದ್ದರು. ಕುಕ್ಕರಹಳ್ಳಿ ಕೆರೆ ಸುತ್ತ ನಡೆಯಲು ಒಪ್ಪಿಗೆ ಸಿಕ್ಕಿದೆ, ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಸಿಕ್ಕಿಲ್ಲ. ಹೋಗುವುದಾದರೆ ಬೆಳಿಗ್ಗೆ ಹೋಗಿ. ಸಂಜೆ ಜನ ಜಾಸ್ತಿ, ಮೇಡಂ ನಿಮ್ಮ ಪಕ್ಕ ನಿಂತು ನೋಡುವ ಹೊತ್ತು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.