ರಾಫಲ್ಸ್ ನೋಡಬೇಕಾ, ಫುಲ್ಲರ್ಟನ್ ನೋಡಬೇಕಾ?

ಸಿಂಗಪುರದಲ್ಲಿ ಹಳೇ ಐಷಾರಾಮಿ ಹೋಟೆಲ್ ನೋಡಬೇಕು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ರಾಫಲ್ಸ್. ನಾನು ಅದನ್ನೂ ಸುತ್ತಿದೆ, ಫುಲ್ಲರ್ಟನ್ನನ್ನೂ ಸುತ್ತಿದೆ. ಎರಡರಲ್ಲೂ ತಂಗಲಿಲ್ಲ, ಅಷ್ಟು ದುಡ್ಡು ಯಾರ ಹತ್ತಿರ ಇದೆ? ಇತಿಹಾಸ ನೋಡೋಕೆ ರೂಮೇನೂ ಬೇಕಿಲ್ಲ.

ಹೋಟೆಲ್ ಅಂತ ನೋಡಿದರೆ ರಾಫಲ್ಸೇ ಹಿರಿಯ. 1887ರಲ್ಲಿ ಅರ್ಮೇನಿಯನ್ ಮೂಲದ ಸಾರ್ಕೀಸ್ ಸಹೋದರರು 10 ಕೋಣೆಗಳ ಬಂಗಲೆಯಲ್ಲಿ ಶುರು ಮಾಡಿದ್ದು. ಈಗಿನ ಬಿಳಿ ಮುಖ್ಯ ಕಟ್ಟಡ 1899ರದ್ದು. ಆಗ ಎದುರಿಗೇ ಕಡಲಿತ್ತು. ಆಮೇಲೆ ಮಣ್ಣು ತುಂಬಿ ತುಂಬಿ ಅದನ್ನು ದೂರ ತಳ್ಳಿದರು. ಲಾಂಗ್ ಬಾರಿನಲ್ಲಿ ಕಡಲೆಕಾಯಿ ಸಿಪ್ಪೆಯನ್ನು ನೆಲಕ್ಕೇ ಎಸೆಯಬಹುದು. ಕಸ ಹಾಕಿದರೆ ದಂಡ ಹಾಕುವ ಊರಲ್ಲಿ ಅದೊಂಥರಾ ಮಜಾ. ಅಲ್ಲಿ ಹುಟ್ಟಿದ ಸಿಂಗಪುರ್ ಸ್ಲಿಂಗ್ ಅನ್ನೋ ಕಾಕ್‌ಟೇಲ್ ನನಗೆ ಸಿಹಿ ಜಾಸ್ತಿ ಅನ್ನಿಸಿತು.

ಫುಲ್ಲರ್ಟನ್ ಹೋಟೆಲಾಗಿದ್ದು 2001ರಲ್ಲಿ. ಆದರೆ ಕಟ್ಟಡ 1928ರದ್ದು, ಊರಿನ ದೊಡ್ಡ ಅಂಚೆ ಕಚೇರಿ ಇದ್ದದ್ದು ಇಲ್ಲೇ. ಮೇಲಿನ ಮಹಡಿಗಳಲ್ಲಿ ಸಿಂಗಪುರ ಕ್ಲಬ್ ಇತ್ತು. 1942ರ ಫೆಬ್ರವರಿಯಲ್ಲಿ ಜಪಾನಿಗಳು ಊರಿನೊಳಗೆ ನುಗ್ಗುತ್ತಿದ್ದಾಗ ಬ್ರಿಟಿಷ್ ಗವರ್ನರ್ ಶೆಂಟನ್ ಥಾಮಸ್ ಬಂದು ಉಳಿದದ್ದು ಆ ಕ್ಲಬ್ಬಿನಲ್ಲಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ದೀಪದ ಕಥೆ. 1958ರಲ್ಲಿ ಈ ಕಟ್ಟಡದ ತಾರಸಿ ಮೇಲೆ ಹಡಗುಗಳಿಗಾಗಿ ಒಂದು ದೀಪಸ್ತಂಭ ಇಟ್ಟಿದ್ದರು. ಪಕ್ಕದ ವ್ಯಾಪಾರದ ಕೇರಿ ರಾಫಲ್ಸ್ ಪ್ಲೇಸ್ ಕಡೆ ಬ್ಯಾಂಕುಗಳ ಎತ್ತರದ ಕಟ್ಟಡಗಳು ಎದ್ದವು, ಕಡಲನ್ನೂ ತುಂಬಿದರು. ದೀಪ ಹಡಗುಗಳಿಗೆ ಕಾಣದಂತಾಯಿತು. 1970ರ ದಶಕದ ಕೊನೆಗೆ ಅದು ನಿಂತೇ ಹೋಯಿತು. ವ್ಯಾಪಾರದ ಕೇರಿ ಹೇಗೆ ಬೆಳೆಯಿತು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಒಳಗಿನ ಹೆರಿಟೇಜ್ ಗ್ಯಾಲರಿಯಲ್ಲಿ ಹಳೇ ಫೋಟೋ, ಅಂಚೆಪೆಟ್ಟಿಗೆಗಳಿವೆ. ಸುಮ್ನೆ ಹೋಗಿ ನೋಡಬಹುದು.

ರಾಫಲ್ಸಿನಲ್ಲಿ ಅಂಗಡಿ ಸಾಲು, ಅಂಗಳ, ಬಾರ್ ಸುತ್ತಬಹುದು. ತಂಗುವವರ ಭಾಗಕ್ಕೆ ಹೊರಗಿನವರನ್ನು ಬಿಡೋದಿಲ್ಲ, ಅದು ನ್ಯಾಯವೇ. ಆದರೆ ಅಲ್ಲಿ ಕೇಳಸಿಗುವುದು ಹೋಟೆಲಿನದೇ ಕಥೆ: ಯಾವ ಸಾಹಿತಿ ಉಳಿದಿದ್ದ, ಬಿಲಿಯರ್ಡ್ಸ್ ಕೋಣೆಯ ಕೆಳಗೆ ಹುಲಿ ಹೊಕ್ಕಿದ್ದು ಯಾವಾಗ (1902ರಲ್ಲಿ, ಅದನ್ನು ಗುಂಡಿಟ್ಟು ಕೊಂದರು). ಊರಿನ ಕಥೆ ಬೇಕಾದರೆ ಫುಲ್ಲರ್ಟನ್ನೇ ಸರಿ. ಫೋಟೋಗೆ, ಗತ್ತಿಗೆ ರಾಫಲ್ಸ್.

ಎರಡಕ್ಕೂ ಹೋಗುವುದಾದರೆ ರಾಫಲ್ಸಿನಿಂದ ಹೊರಟು ಪಡಾಂಗ್ ಮೈದಾನ ದಾಟಿ ನಡೆದುಕೊಂಡೇ ಬನ್ನಿ. ಕೊನೆಗೆ 1869ರ ಕಾವೆನಾ ಸೇತುವೆ ಸಿಗುತ್ತದೆ. ದನ, ಕುದುರೆಗಳಿಗೆ ಪ್ರವೇಶವಿಲ್ಲ ಅನ್ನುವ ಹಳೇ ಪೊಲೀಸ್ ಫಲಕ ಅಲ್ಲಿ ಇನ್ನೂ ಇದೆ. ಅದನ್ನು ಓದಿ ಸೇತುವೆ ದಾಟಿದರೆ ಎದುರಿಗೇ ಫುಲ್ಲರ್ಟನ್.