ಹೊಸ ಮರಳು ಸುರಿಸುವ ಮುನ್ನ ಸವಾರಿ ಅಂಗಳದ ತಳವನ್ನು ಅಗೆದು ನೋಡಿ

ಸವಾರಿ ಅಂಗಳದಲ್ಲಿ ನೀರು ನಿಲ್ಲುತ್ತದೆ, ಬೇಲಿಯ ಪಕ್ಕದ ಜಾಡು ತಗ್ಗುಬಿದ್ದಿದೆ, ಬಿಸಿಲಿಗೆ ಧೂಳೇಳುತ್ತದೆ ಎಂಬ ಮೂರು ದೂರುಗಳಿಗೂ ‘ಮೇಲೆ ಒಂದು ಪದರ ಹೊಸ ಮರಳು ಹಾಕಿದರೆ ಸಾಕು’ ಎಂಬ ಒಂದೇ ಉತ್ತರ ಕೊಡುವ ಗುತ್ತಿಗೆದಾರರನ್ನು ನಂಬಬೇಡಿ. ನಾನು ಕುದುರೆ ಇರಿಸಿರುವ ಲಾಯದ ತೆರೆದ ಅಂಗಳವನ್ನು ಹೀಗೆಯೇ ‘ದುರಸ್ತಿ’ ಮಾಡಲಾಯಿತು. ಕೆಲಸ ಮುಗಿದಾಗ ನೋಟಕ್ಕೆ ಬಹಳ ಚೆನ್ನಾಗಿದ್ದ ಆ ನೆಲ ಮುಂದಿನ ಮಳೆಗಾಲದೊಳಗೆ ಮೊದಲಿಗಿಂತಲೂ ಕೆಟ್ಟಿತು, ಕುದುರೆಗಳು ಕುಂಟತೊಡಗಿದವು, ಮತ್ತು ಸುರಿದ ಮರಳನ್ನು ತೆಗೆದು ಹೊರಗೆ ಸಾಗಿಸುವುದಕ್ಕೆ ಅದನ್ನು ತರಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು.

ಇಂತಹ ಅಂಗಳದಲ್ಲಿ ಕಣ್ಣಿಗೆ ಕಾಣುವುದು ಮೇಲ್ಪದರ ಮಾತ್ರ. ಅದರ ಕೆಳಗೆ ಜಲ್ಲಿ ಮತ್ತು ಕಲ್ಲುಪುಡಿಯನ್ನು ಬೆರೆಸಿ ರೋಲರ್ ಹಾಯಿಸಿ ಗಟ್ಟಿ ಮಾಡಿದ, ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ದಪ್ಪದ ತಳವಿರುತ್ತದೆ. ಆ ತಳಕ್ಕೆ ಶೇ 1ರಿಂದ 2ರಷ್ಟು ಇಳಿಜಾರು ಬೇಕು. ಅಂದರೆ 20 ಮೀಟರ್ ಅಗಲದ ಅಂಗಳವನ್ನು ಒಂದೇ ಬದಿಗೆ ಇಳಿಸಿದ್ದರೆ ಎರಡು ಅಂಚುಗಳ ನಡುವೆ 20ರಿಂದ 40 ಸೆಂ.ಮೀ. ವ್ಯತ್ಯಾಸವಿರಬೇಕು. ಇಂತಹ ರಚನೆಯಲ್ಲಿ ಮಳೆನೀರು ಬಹುಪಾಲು ಈ ಗಟ್ಟಿ ತಳದ ಮೇಲೆಯೇ ಜಾರಿ ಅಂಚಿನ ಚರಂಡಿಯನ್ನು ಸೇರುವುದರಿಂದ, ನೀರು ನಿಲ್ಲುತ್ತಿದ್ದರೆ ದೋಷವನ್ನು ಹುಡುಕಬೇಕಾದದ್ದು ತಳದಲ್ಲಿ, ಚರಂಡಿಯಲ್ಲಿ ಅಥವಾ ಗೊರಸಿನಿಂದ ಸಿಡಿದು ಬೇಲಿಯ ಬುಡದಲ್ಲಿ ಒಡ್ಡಿನಂತೆ ಕುಳಿತ ಮರಳಿನಲ್ಲಿ. ತಗ್ಗಿನ ಮೇಲೆ ಮರಳು ಸುರಿದರೆ ತಗ್ಗು ಮರೆಯಾಗುತ್ತದೆಯೇ ಹೊರತು ನೀರು ಅಲ್ಲಿಂದ ಕದಲುವುದಿಲ್ಲ.

ನಮ್ಮಲ್ಲಿಗೆ ಬಂದ ಗುತ್ತಿಗೆದಾರರು ಅಂಗಳವನ್ನು ಒಂದು ಸುತ್ತು ನಡೆದು ನೋಡಿದರು, ಅಷ್ಟೆ. ಎಲ್ಲಿಯೂ ಗುಂಡಿ ತೋಡಲಿಲ್ಲ, ಮಟ್ಟ ಅಳೆಯಲಿಲ್ಲ. ತಳ ಇನ್ನೂ ನೆನೆದಿರುವಾಗಲೇ ತುಂಬಿದ ಟಿಪ್ಪರ್‌ಗಳನ್ನು ಒಳಗೆ ಬಿಟ್ಟರು. ಹಸಿಯಾದ ತಳದ ಮೇಲೆ ಅಷ್ಟು ಭಾರದ ಚಕ್ರ ಹಾದರೆ ಉದ್ದುದ್ದ ಕುಳಿಗಳು ಬಿದ್ದು, ಕೆಳಗಿನ ಮಣ್ಣು ಜಲ್ಲಿಯ ನಡುವೆ ಮೇಲೇರುತ್ತದೆ; ಆಮೇಲೆ ಅಲ್ಲಿ ನೀರು ಇಳಿಯುವುದೂ ಇಲ್ಲ, ಹರಿಯುವುದೂ ಇಲ್ಲ. ಆ ಕುಳಿಗಳನ್ನು ಮರಳು ಮುಚ್ಚಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ. ಮಳೆ ಬಂದ ಮೇಲೆ ಚಕ್ರದ ಗುರುತಿನುದ್ದಕ್ಕೂ ನೆಲ ಜೌಗಾಯಿತು, ಕುದುರೆಯ ಕಾಲು ಹೂತಲ್ಲೆಲ್ಲ ಜಲ್ಲಿಕಲ್ಲು ಮೇಲಕ್ಕೆ ಬಂತು, ಅಂಗಾಲಿಗೆ ಕಲ್ಲು ಒತ್ತಿ ಗಾಯವಾದ ಕುದುರೆಗಳನ್ನು ಲಾಯದಿಂದ ಹೊರಗೆ ತರುವುದೇ ಕಷ್ಟವಾಯಿತು.

ಮರಳಿನ ವಿಷಯದಲ್ಲಿ ಆದ ಮೋಸ ಇನ್ನೂ ದೊಡ್ಡದು. ಬಂದದ್ದು ತೊಳೆಯದ ನದಿ ಮರಳು. ನೀರಿನಲ್ಲಿ ಉರುಳಿ ನುಣುಪಾದ ಕಾಳುಗಳು ಗೊರಸಿನ ಕೆಳಗೆ ಗೋಲಿಗಳಂತೆ ಸರಿದುಹೋಗುತ್ತವೆ. ತಿರುವಿನಲ್ಲಿ ಕುದುರೆಗೆ ಹಿಡಿತವೇ ಸಿಗುವುದಿಲ್ಲ. ಅಂಗಳಕ್ಕೆ ಬೇಕಾದದ್ದು ಅಂಚುಗಳಿರುವ, ಗಟ್ಟಿಯಾದ, ತೊಳೆದು ಜರಡಿ ಹಿಡಿದ ಮರಳು. ಪರೀಕ್ಷೆ ಸುಲಭ: ಗಾಜಿನ ಜಾಡಿಯಲ್ಲಿ ಒಂದು ಹಿಡಿ ಮರಳಿಗೆ ನೀರು ತುಂಬಿಸಿ ಚೆನ್ನಾಗಿ ಅಲುಗಾಡಿಸಿ ಇಟ್ಟರೆ ಮರಳು ಕೂಡಲೇ ತಳ ಸೇರುತ್ತದೆ, ಹೂಳು ನಿಧಾನವಾಗಿ ಅದರ ಮೇಲೆ ಕೂರುತ್ತದೆ, ಜೇಡಿ ಬಹಳ ಹೊತ್ತು ನೀರನ್ನು ಕದಡಿಯೇ ಇಡುತ್ತದೆ. ಹೂಳು ಮತ್ತು ಜೇಡಿ ಹೆಚ್ಚಿದ್ದ ಮರಳು ಇಂದು ಮೆತ್ತಗಿದ್ದರೂ ಮುಂದೆ ಒದ್ದೆಯಾದಾಗ ಹೆಪ್ಪುಗಟ್ಟುತ್ತದೆ, ಒಣಗಿದಾಗ ಧೂಳಾಗುತ್ತದೆ, ಮತ್ತು ಆ ಧೂಳಿನಲ್ಲಿರುವ ನವಿರಾದ ಸಿಲಿಕಾ ಕುದುರೆಯ ಶ್ವಾಸಕೋಶಕ್ಕೂ ಸವಾರನ ಶ್ವಾಸಕೋಶಕ್ಕೂ ಹಾನಿಕರ.

ಆಳವೂ ತಪ್ಪಿತ್ತು. ಮೇಲ್ಪದರವನ್ನು 5 ಸೆಂ.ಮೀ.ನಿಂದ ಆರಂಭಿಸಿ, ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಸೇರಿಸುವುದು ಸರಿಯಾದ ಕ್ರಮ, ಏಕೆಂದರೆ ಸೇರಿಸುವಷ್ಟು ಸುಲಭವಾಗಿ ತೆಗೆಯಲು ಬರುವುದಿಲ್ಲ. ನಮ್ಮ ಅಂಗಳದ ಮೂಲೆಗಳಲ್ಲಿ ಗೇಣುದ್ದದ ಕೋಲು ಪೂರ್ತಿ ಇಳಿಯುತ್ತಿತ್ತು. ಆಳವಾದ ಸಡಿಲ ಮರಳಿನಲ್ಲಿ ದುಡಿದ ಕುದುರೆಯ ಮುಂಗಾಲಿನ ಸ್ನಾಯುರಜ್ಜುಗಳ ಮೇಲೆ ಬೀಳುವ ಎಳೆತ ಹೊರಗೆ ಕಾಣುವುದು ಊತ ಬಂದ ಮೇಲೆಯೇ, ಮತ್ತು ಆ ಪೆಟ್ಟು ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ: 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಗಳಕ್ಕೆ 5 ಸೆಂ.ಮೀ. ಪದರವೆಂದರೆ 60 ಘನ ಮೀಟರ್. ಅದರ ಎರಡು ಪಟ್ಟು ಮರಳಿಗೆ ಬಿಲ್ಲು ಬಂದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಧೂಳಿನ ದೂರು ಹೋದಾಗ ಅದೇ ಗುತ್ತಿಗೆದಾರರು ಬಳಸಿ ಬಿಟ್ಟ ಇಂಜಿನ್ ಆಯಿಲ್ ಸಿಂಪಡಿಸುವುದಾಗಿ ಹೇಳಿದರು. ಲಾಯದ ಯಜಮಾನರು ಒಪ್ಪಲಿಲ್ಲ, ಅದೊಂದು ಪುಣ್ಯ. 1971ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಒಂದು ಲಾಯದಲ್ಲಿ ಧೂಳು ಅಡಗಿಸಲೆಂದು ಸವಾರಿ ಅಂಗಳಕ್ಕೆ ಸಿಂಪಡಿಸಿದ ತ್ಯಾಜ್ಯ ತೈಲದಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿತ್ತು; ಹಕ್ಕಿಗಳು ಸತ್ತವು, ಹತ್ತಾರು ಕುದುರೆಗಳು ಸತ್ತವು, ಅಲ್ಲಿ ಆಡುತ್ತಿದ್ದ ಮಕ್ಕಳು ಕಾಯಿಲೆ ಬಿದ್ದರು. ಆ ತೈಲ ಸಿಂಪಡಿಸಿದ ವ್ಯಕ್ತಿಯಿಂದಲೇ ರಸ್ತೆಗಳಿಗೆ ತೈಲ ಹಾಕಿಸಿಕೊಂಡಿದ್ದ ಟೈಮ್ಸ್ ಬೀಚ್ ಎಂಬ ಊರನ್ನೇ ಕೊಂಡು ಖಾಲಿ ಮಾಡಿಸಲು 1983ರಲ್ಲಿ ಅಲ್ಲಿನ ಸರ್ಕಾರ ತೀರ್ಮಾನಿಸಬೇಕಾಯಿತು. ಧೂಳಿಗೆ ನೀರೇ ಮದ್ದು. ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ ಗಾಳಿಯ ತೇವವನ್ನು ಹೀರಿ ಮರಳನ್ನು ಹಸಿಯಾಗಿಡುತ್ತದೆ, ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಲದ್ದಿಯನ್ನು ಪ್ರತಿದಿನ ತೆಗೆಯದಿದ್ದರೆ ಅದೂ ಪುಡಿಯಾಗಿ ಧೂಳೇ ಆಗುತ್ತದೆ.

ನಂತರ ಬಂದವರು ಮರಳನ್ನು ಬದಿಗೆ ಸರಿಸಿ, ತಳ ಒಣಗುವವರೆಗೆ ಕಾದು, ಮಣ್ಣು ಬೆರೆತ ಜಲ್ಲಿಯನ್ನು ಕಿತ್ತು, ಹೊಸ ಜಲ್ಲಿಯನ್ನು ತೆಳು ಪದರಗಳಲ್ಲಿ ಹರಡಿ ಒಂದೊಂದನ್ನೂ ರೋಲರ್‌ನಿಂದ ಗಟ್ಟಿ ಮಾಡಿದರು. ಟ್ರ್ಯಾಕ್ಟರಿಗೆ ಕಟ್ಟುವ ಹಲ್ಲಿನ ಕುಂಟೆಯ ಆಳವನ್ನು ಅದು ತಳವನ್ನು ಮುಟ್ಟದಂತೆ ಕಡಿಮೆ ಮಾಡಿಸಿದರು. ಮೊದಲಿನವರು ಬಿಟ್ಟುಹೋದ ಅಳತೆಯಲ್ಲಿ ಅದು ಪ್ರತಿ ಸಲವೂ ಜಲ್ಲಿಯನ್ನು ಕೆರೆಯುತ್ತಿತ್ತು. ಹಾಗಾಗಿ ಕೆಲಸ ಒಪ್ಪಿಸುವ ಮುನ್ನ ಮೂಲೆಗಳಲ್ಲೂ ನಡುವಿನಲ್ಲೂ ತಳದವರೆಗೆ ಗುಂಡಿ ತೋಡಿಸಿ ನೋಡಿ, ಮರಳಿನ ಮಾದರಿಯನ್ನು ಮೊದಲೇ ತರಿಸಿಕೊಂಡು ಬಂದ ಲೋಡಿನೊಂದಿಗೆ ಹೋಲಿಸಿ, ಒಳಗೆ ಬರುವ ವಾಹನದ ಭಾರವನ್ನೂ ತಳ ಒಣಗಿರಬೇಕೆಂಬ ಷರತ್ತನ್ನೂ ಕರಾರಿನಲ್ಲಿ ಬರೆಸಿ, ಮತ್ತು ಒಂದು ಜೋರು ಮಳೆ ಬಿದ್ದು ನೀರು ಹರಿದುಹೋಗುವುದನ್ನು ಕಣ್ಣಾರೆ ನೋಡುವ ತನಕ ಕೊನೆಯ ಕಂತನ್ನು ಕೊಡಬೇಡಿ.